ಬೀಪ್ ಬೀಪ್ ಎನ್ನುವ ರೆಕ್ಕೆಯ ಕಾರು

ಅಮೆರಿಕದಲ್ಲಿ ಹಾಲು-ಮೊಸರು ತರಲು ಹೋದ ಗಂಡಸು ಸೂಪರ್‌ಮಾರ್ಕೆಟಿನ ಪಾರ್ಕಿಂಗಿನಲ್ಲೇ ಅರ್ಧ ಗಂಟೆ ಕಳೆದರೆ ಮನೆಯವರು ಸಿಟ್ಟಾಗಬಾರದು. ಅಲ್ಲಿ ಪ್ಲಿಮತ್ ಕಂಪನಿಯ 1970ರ ಸೂಪರ್‌ಬರ್ಡ್ ಕಾರು ನಿಂತಿರಬಹುದು.

ಮುಂದೆ ಚೂಪು ಮೂಗು, ಹಿಂದೆ ಡಿಕ್ಕಿಯ ಮೇಲೆ ಛಾವಣಿಗಿಂತ ಎತ್ತರದ ರೆಕ್ಕೆ. ಬಟ್ಟೆ ಒಣಹಾಕಲು ಹೇಳಿಮಾಡಿಸಿದಂತಿದೆ! ಆದರೆ ಅದು ಶೋಕಿಗಲ್ಲ. ಅಮೆರಿಕದ ನಾಸ್ಕಾರ್ ಕಾರು ರೇಸಿನ ವೇಗದಲ್ಲಿ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿಯಲು. ರೇಸಿಗಿಳಿಸುವ ಮಾದರಿಯನ್ನು ಸಾಮಾನ್ಯರಿಗೂ ಮಾರಬೇಕೆಂಬ ನಿಯಮವಿತ್ತು. ಹಾಗಾಗಿ ಸುಮಾರು 1,900 ಕಾರುಗಳು ಷೋರೂಮಿಗೆ ಬಂದವು. ರೇಸ್ ಚಾಲಕ ರಿಚರ್ಡ್ ಪೆಟ್ಟಿಯ 43ನೇ ನಂಬರಿನ ನೀಲಿ ಕಾರಿಗೆ ಚಪ್ಪಾಳೆ ಹೊಡೆದ ಜನ ಷೋರೂಮಿನಲ್ಲಿ ಮಾತ್ರ ಮುಖ ತಿರುಗಿಸಿದರು. ಎಷ್ಟೋ ಕಾರುಗಳು ಧೂಳು ತಿಂದವು. ಕೆಲವು ಡೀಲರುಗಳಂತೂ ಮೂಗು, ರೆಕ್ಕೆ ಎರಡನ್ನೂ ಕಿತ್ತು, ಪ್ಲಿಮತ್‌ನದೇ ಮಾಮೂಲಿ ರೋಡ್ ರನ್ನರ್ ಕಾರು ಮಾಡಿ ಸಾಗಹಾಕಿದರು. ಅಂದು ಬೇಡವಾದ ಕಾರಿಗೆ ಇಂದು ಹರಾಜಿನಲ್ಲಿ ಲಕ್ಷಾಂತರ ಡಾಲರ್. ಪಾಪ, ಆ ಡೀಲರುಗಳು!

ಹಾರ್ನಿನ ಕಥೆ ಇನ್ನೂ ಮಜಾ. ಕಾರ್ಟೂನಿನ ರೋಡ್ ರನ್ನರ್ ಹಕ್ಕಿಯನ್ನು ಬಳಸಿಕೊಳ್ಳಲು ವಾರ್ನರ್ ಬ್ರದರ್ಸ್‌ಗೆ 50,000 ಡಾಲರ್ ತೆತ್ತಿದ್ದ ಪ್ಲಿಮತ್, ಹಾರ್ನಿನಿಂದಲೂ ಆ ಹಕ್ಕಿಯಂತೆ ‘ಬೀಪ್ ಬೀಪ್’ ಅನ್ನಿಸಿತು. ಕೆಲವು ಕಾರುಗಳ ಬಾನೆಟ್ಟಿನಡಿ 425 ಅಶ್ವಶಕ್ತಿಯ ಹೆಮಿ ಎಂಜಿನ್ ಗುಡುಗುತ್ತಿದ್ದರೂ ದಾರಿ ಕೇಳುವುದು ಎಳೆಮಗುವಿನ ದನಿಯಲ್ಲಿ.

ಪಾರ್ಕಿಂಗಿನ ಅದೃಷ್ಟ ನಂಬದವರಿಗೆ ಇನ್ನೊಂದು ದಾರಿಯಿದೆ. ಪ್ರತಿ ಆಗಸ್ಟಿನ ಮೂರನೇ ಶನಿವಾರ ಡೆಟ್ರಾಯ್ಟ್ ಬಳಿಯ ವುಡ್‌ವರ್ಡ್ ಅವೆನ್ಯೂ ತುಂಬ ಹಳೆಯ ಕಾರುಗಳ ಮೆರವಣಿಗೆ. ಆ ಕಡೆ ಮಗಳ ಮನೆಗೋ ಮಗನ ಮನೆಗೋ ಹೊರಟವರು ವಿಮಾನದ ಟಿಕೆಟ್ಟನ್ನು ಆ ವಾರಕ್ಕೇ ತೆಗೆಸಲಿ.