ಯಾವ ರಾತ್ರಿಯ ಸಂಕಮ್ಮ

ಒಂದೇ ಹಾಡನ್ನು ಒಂದೇ ತಂಡದವರು ನೂರಾರು ಸಲ ಹಾಡಿರುವುದನ್ನು ಗುಡ್ಡೆ ಹಾಕಿಕೊಂಡು ಯಾರಾದರೂ ಕೇಳುತ್ತಾರೆಯೇ? ಕೇಳುತ್ತಾರಂತೆ. ಪಕ್ಕದ ಮನೆ ಗೌಡರ ಮೊಮ್ಮಗನೇ ಇದಕ್ಕೆ ಸಾಕ್ಷಿ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗ ರಜಕ್ಕೆ ಸರಗೂರಿಗೆ ಬಂದಿದ್ದ. ಕಿವಿಗೆ ತಂತಿ ಸಿಕ್ಕಿಸಿಕೊಂಡು ಹಿತ್ತಲಲ್ಲಿ ತಲೆ ಕುಣಿಸುತ್ತಿದ್ದ. ಗೌಡರಿಗೆ ತಡೆಯಲಾಗಲಿಲ್ಲ. ಬೇಲಿಗೆ ಒಣಹಾಕಿದ್ದ ಪಂಚೆಯನ್ನು ಅತ್ತ ಸರಿಸಿ ನನ್ನನ್ನು ಕೂಗಿದರು.

“ಮೇಷ್ಟ್ರೇ, ಒಸಿ ಬನ್ನಿ ಇತ್ತಗೆ. ಇಂವ ಬೆಳಿಗ್ಗೆಯಿಂದ ಒಂದೇ ಹಾಡ ಕೇಳ್ತಾವ್ನೆ. ಯಾಕ್ಲಾ ಅಂದ್ರೆ, ಇದು 1972ರದು, ಅದು 1969ರದು, ಬೇರೆಬೇರೆ ತಾತ ಅಂತಾನೆ. ನಂಗೆಲ್ಲಾ ಒಂದೇ ಗಲಾಟೆ ಕೇಳ್ದಂಗಾಯ್ತದೆ.”

ಹುಡುಗ ಕಿವಿಯಿಂದ ತಂತಿ ಕಿತ್ತು ನಮ್ಮಿಬ್ಬರಿಗೂ ಪಾಠ ಶುರುಮಾಡಿದ. ಕ್ಯಾಲಿಫೋರ್ನಿಯಾದಲ್ಲಿ 1965ರಲ್ಲಿ ಹುಟ್ಟಿಕೊಂಡ ರಾಕ್ ತಂಡ, ಹೆಸರು ಗ್ರೇಟ್‌ಫುಲ್ ಡೆಡ್. ಗಿಟಾರಿನ ಜೆರ್ರಿ ಗಾರ್ಸಿಯಾ 1995ರಲ್ಲಿ ತೀರಿಕೊಳ್ಳುವ ಹೊತ್ತಿಗೆ 2,300ಕ್ಕೂ ಹೆಚ್ಚು ಕಛೇರಿ ಕೊಟ್ಟಾಗಿತ್ತು. ಒಂದು ರಾತ್ರಿ ನುಡಿಸಿದಂತೆ ಇನ್ನೊಂದು ರಾತ್ರಿ ನುಡಿಸಿದವರಲ್ಲ. ‘ಡಾರ್ಕ್ ಸ್ಟಾರ್’ ಅನ್ನುವ ಅವರ ಹಾಡು 1968ರಲ್ಲಿ ರೆಕಾರ್ಡಾಗಿ ಮಾರುಕಟ್ಟೆಗೆ ಬಂದಾಗ ಮೂರು ನಿಮಿಷವೂ ಇರಲಿಲ್ಲ. ಜನರ ಮುಂದೆ ಅದೇ ಹಾಡು ಅರ್ಧ ಗಂಟೆ ಹೋಗುತ್ತಿತ್ತು. ಹಾಗಾಗಿ ಅವರ ಅಭಿಮಾನಿಗಳಿಗೆ ಕಂಪನಿ ತಟ್ಟೆಗಿಂತ ಸಭೆಯ ರೆಕಾರ್ಡಿಂಗ್ ಮೇಲೇ ಆಸೆ. ಮೈಕು, ಟೇಪು ಹೊತ್ತುಕೊಂಡು ಊರೂರು ತಿರುಗುವವರೇ ಒಂದು ಪಂಗಡವಾದರು. ಓಡಿಸುವ ಬದಲು ತಂಡದವರು 1984ರಲ್ಲಿ ಅವರಿಗೆಂದೇ ಬೇರೆ ಟಿಕೆಟ್ಟು ಮಾಡಿ, ಬೇರೆ ಜಾಗ ಬಿಟ್ಟುಕೊಟ್ಟರು. ಷರತ್ತು ಒಂದೇ: ಹಂಚಿಕೊಳ್ಳಿ, ಮಾರಬೇಡಿ.

“ಅದ್ರಲ್ಲೇನ್ಲಾ ಹೊಸದು?” ಅಂದರು ಗೌಡರು. “ನಮ್ ಕಂಸಾಳೆಯೋರು ಯಾವತ್ತು ಒಂದೇ ತರ ಹಾಡವ್ರೆ?”

ಹುಡುಗ ನಕ್ಕ. ನನಗೆ ನಗು ಬರಲಿಲ್ಲ, ಯಾಕೆಂದರೆ ಗೌಡರ ಮಾತಿನಲ್ಲಿ ತೂಕವಿತ್ತು. ಮಲೆ ಮಾದಪ್ಪನ ಕಥೆ ಮಾಡುವ ದೇವರಗುಡ್ಡರನ್ನು ಈ ಸೀಮೆಯಲ್ಲಿ ಕೇಳದವರು ಯಾರು? ಎಡಗೈಲಿ ಕಂಚಿನ ಬಟ್ಟಲು, ಬಲಗೈಲಿ ದಾರ ಕಟ್ಟಿದ ತಟ್ಟೆ, ಜೊತೆಗೊಂದು ದಮ್ಮಡಿ. ರಾತ್ರಿ ಊಟವಾದ ಮೇಲೆ ಕೂತರೆ ಕೋಳಿ ಕೂಗುವವರೆಗೆ. ಕಥೆ ಎಲ್ಲರಿಗೂ ಗೊತ್ತಿರುವುದೇ. ಕಥೆಯ ಭಾಗಗಳು, ಅಂದರೆ ಸಾಲುಗಳೂ ಗೊತ್ತು: ಶ್ರವಣದೊರೆ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಬೇವಿನಟ್ಟಿ ಕಾಳಮ್ಮನ ಸಾಲು. ಆದರೆ ಇವತ್ತು ಯಾವುದನ್ನು ಹಿಗ್ಗಿಸಬೇಕು, ಯಾವುದನ್ನು ನಾಲ್ಕು ಮಾತಿನಲ್ಲಿ ದಾಟಿಸಬೇಕು ಅನ್ನುವುದು ಎದುರು ಕೂತವರ ಮುಖ ನೋಡಿ ತೀರ್ಮಾನವಾಗುತ್ತದೆ. ಹೆಂಗಸರು ಮೂಗು ಒರೆಸಿಕೊಂಡರೋ, ಸಂಕಮ್ಮನ ಕಷ್ಟ ಇನ್ನೊಂದು ಗಂಟೆ ಬೆಳೆಯಿತು ಅಂತಲೇ ಲೆಕ್ಕ. ಗಂಡಸರು ತೂಕಡಿಸಿದರೋ, ಹಿಮ್ಮೇಳದವನ ಬಾಯಲ್ಲಿ ಒಂದು ತುಂಟ ಪ್ರಶ್ನೆ.

ಹುಡುಗ ಬಿಡಲಿಲ್ಲ. ಅವರದ್ದೆಲ್ಲ ಈಗ ಭಂಡಾರವಾಗಿದೆ ಎಂದ. ಬೆಟ್ಟಿ ಕ್ಯಾಂಟರ್-ಜಾಕ್ಸನ್ ಅಂತ ತಂಡದ ಧ್ವನಿ ನೋಡಿಕೊಳ್ಳುತ್ತಿದ್ದ ಹೆಂಗಸು. ಆಕೆಯ ಕೈಯಲ್ಲಿ ರೆಕಾರ್ಡಾದ ಟೇಪುಗಳಿಗೆ ಬಂಗಾರದ ಬೆಲೆ. ಆಕೆಗೆ ಕಷ್ಟ ಬಂತು. ಟೇಪು ತುಂಬಿಟ್ಟಿದ್ದ ಉಗ್ರಾಣದ ಬಾಡಿಗೆ ಕಟ್ಟಲಾಗಲಿಲ್ಲ. 1986ರಲ್ಲಿ ಅಷ್ಟೂ ಹರಾಜಾಗಿ ಯಾರು ಯಾರದೋ ಪಾಲಾಯಿತು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಕಛೇರಿಯ ಟೇಪು ಹಾಗೆ ಕೈಯಿಂದ ಕೈಗೆ ಅಲೆದು, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿತು. ಕಡೆಗೆ 2017ರಲ್ಲಿ, 40 ವರ್ಷ ಕಳೆದ ಮೇಲೆ, ಅಧಿಕೃತವಾಗಿ ಹೊರಗೆ ಬಂತು. ಡಿಕ್ ಲಟ್ವಾಲ ಎಂಬ ಒಬ್ಬ ಬರೀ ಅಭಿಮಾನಿ. ಟೇಪು ಕೂಡಿಸಿ ಕೂಡಿಸಿ ತಂಡದ ಭಂಡಾರಕ್ಕೇ ಪಾರುಪತ್ಯಗಾರನಾದ; 1993ರಿಂದ ಅವನು ಆರಿಸಿದ ಕಛೇರಿಗಳು ಅವನ ಹೆಸರಲ್ಲೇ ಮಾರಾಟಕ್ಕೆ ಬಂದವು.

“ಬಾಡ್ಗೆ ಕಟ್ನಿಲ್ಲ ಅಂತ ಹಾಡ್ನೇ ಹರಾಜ್ ಹಾಕ್ಬುಟ್ರಾ?” ಅಂದಿದ್ದು ಗೌಡತಿ. ಅವರು ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಮ್ಮ ಮಾತು ಅವರ ಕಿವಿಗೆ ಬೀಳುತ್ತಿದೆ ಅಂತ ನಾವು ಅಂದುಕೊಂಡಿರಲಿಲ್ಲ. “ನಮ್ಮಟ್ಟದ್ ಮ್ಯಾಲೆ ಬಾಡ್ಗೆ ಇಲ್ದೆ ಬಿದ್ದದಲ್ಲ ಒಂದ್ ಟ್ರಂಕು, ಅದ್ಕೇನ್ ಮಾಡೀರಿ?”

ಟ್ರಂಕು ಬೇಲಿಯ ಮೇಲಿಂದಲೇ ನಮ್ಮ ಕಡೆ ದಾಟಿ ಬಂತು, ಯಾಕೆಂದರೆ ಕ್ಯಾಸೆಟ್ ಹಾಕುವ ಟು-ಇನ್-ಒನ್ ಇದ್ದಿದ್ದು ನಮ್ಮ ಮನೆಯಲ್ಲಿ. ತೆಗೆದರೆ ಇಲಿ ಹಿಕ್ಕೆಯ ನಡುವೆ ಕ್ಯಾಸೆಟ್ಟುಗಳು. ಖಾಲಿ ಕ್ಯಾಸೆಟ್ ಕೊಂಡವರು ನಮ್ಮಲ್ಲಿ ಕಮ್ಮಿ. ಕಂಪನಿ ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಕಿಂಡಿ ಇರುತ್ತವೆ. ಅವು ತೆರೆದಿದ್ದರೆ ರೆಕಾರ್ಡ್ ಗುಂಡಿ ಒತ್ತಿದರೂ ಕೂರುವುದಿಲ್ಲ. ಅದಕ್ಕೆ ಕಾಗದ ಉಂಡೆ ಮಾಡಿ ತುರುಕಿ, ಮೇಲೆ ಹಾಡಿಸುವುದು. ಗೌಡರ ಕ್ಯಾಸೆಟ್ಟುಗಳಿಗೆಲ್ಲ ಕಾಗದದ ಬಿರಡೆ. ಹೀಗಾಗಿ ಮಾದಪ್ಪನ ಕಥೆ ಮುಗಿದ ಕಡೆ, ಒಂದು ಉಸಿರೂ ಬಿಡದೆ, ಅಡಿಯಲ್ಲಿದ್ದ ಸಿನಿಮಾ ಸಂಭಾಷಣೆ ಮೇಲೆದ್ದು ಖಳನಾಯಕ ಗಹಗಹಿಸಿ ನಗುತ್ತಾನೆ.

ಮೇಲಿನ ಚೀಟಿಗಳ ಗತಿ ಹೇಳಬಾರದು. ಅಮೆರಿಕದವರು ತಾರೀಖು, ಊರು, ಸಭಾಂಗಣ, ಯಾವ ಮೈಕು, ಎಷ್ಟನೇ ಪ್ರತಿ ಅಂತ ಬರೆದಿಡುತ್ತಾರಂತೆ. ಮೈಸೂರಿನ ಒಂಟಿಕೊಪ್ಪಲಿನಲ್ಲಿ 8ನೇ ಕ್ರಾಸ್ ಗಣಪತಿ ಉತ್ಸವ 1962ರಿಂದ ನಡೆಯುತ್ತಿದೆ. ಅಂಥ ಕಡೆಯ ಸಂಗೀತ ಕಛೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವ ನಮ್ಮ ರಸಿಕರೂ ಲೆಕ್ಕದಲ್ಲಿ ಜೋರು: ರಾಗ, ತಾಳ, ಪಕ್ಕವಾದ್ಯ, ವರ್ಷ ಎಲ್ಲ ನಮೂದು. ಗೌಡರ ಚೀಟಿಯಲ್ಲಿದ್ದಿದ್ದು ಇಷ್ಟೇ: ‘ಮಾದಪ್ಪ 1’, ‘ಮಾದಪ್ಪ 3’, ‘ಬೀಗರ ಮನೆ’, ‘ಅಳಿಸಬೇಡಿ’. ಮಾದಪ್ಪ 2 ಎಲ್ಲಿ ಅಂದರೆ, ಅದರ ಮೇಲೆ ಯಾರೋ ಒಬ್ಬ ನೆಂಟ ‘ಹಳೆ ಹಾಡು’ ತುಂಬಿಸಿಕೊಂಡನಂತೆ. ಆ ನೆಂಟನ ಹೆಸರನ್ನು ಗೌಡತಿ ಇವತ್ತಿಗೂ ಶಾಪ ಸೇರಿಸದೆ ಹೇಳುವುದಿಲ್ಲ.

ಹತ್ತಿಗೆ ಸ್ಪಿರಿಟ್ ಅದ್ದಿ ಹೆಡ್ ಒರೆಸಿ ಮಾದಪ್ಪ 1 ಹಾಕಿದೆ. ಮೊದಲು ಬರೀ ಗೊರಗೊರ. ಆಮೇಲೆ ಎಲ್ಲೋ ದೂರದಿಂದ ಬಂದ ಹಾಗೆ ದಮ್ಮಡಿ. ಯಾರೋ “ಗ್ಯಾಸ್‌ಲೈಟ್ ಒಸಿ ಇತ್ತಗ್ ತನ್ನಿ” ಅಂದರು. ಒಂದು ಮಗು ರಚ್ಚೆ ಹಿಡಿದು, ಮೊಲೆ ಬಾಯಿಗೆ ಸಿಕ್ಕಿದ ಹಾಗೆ ಫಕ್ಕನೆ ನಿಂತಿತು. ಮುಖ್ಯ ಹಾಡುಗಾರ ಸಂಕಮ್ಮನ ಸಾಲಿಗೆ ಬಂದಿದ್ದ. ಸೋಲಿಗರ ನೀಲೇಗೌಡ ಕಾಡಿಗೆ ಜೇನಿಗೆ ಹೊರಟಿದ್ದಾನೆ, ನಾನಿಲ್ಲದಾಗ ಶೀಲ ಕೆಡುವುದಿಲ್ಲ ಅಂತ ಭಾಷೆ ಕೊಡು ಎಂದು ಹೆಂಡತಿಯನ್ನು ಹಿಂಸಿಸುತ್ತಿದ್ದಾನೆ, ಆಕೆ ಕೊಡಲೊಲ್ಲಳು. ಗಂಡ ಅವಳನ್ನು ಗುಡಿಸಲೊಳಗೆ ಕೂಡಿಹಾಕಿ ಕಾಡಿಗೆ ಕಾಲಿಟ್ಟ ಅನ್ನುವಲ್ಲಿಗೆ ಬಂದು ಹಾಡುಗಾರ ಕಂಸಾಳೆ ನಿಲ್ಲಿಸಿಬಿಟ್ಟ. ಕಾಡು ಎಂದ ಮೇಲೆ ಅವನಿಗೆ ಬೇರೇನೋ ನೆನಪಾಗಿದೆ. ಅದೇ ಧಾಟಿಯಲ್ಲಿ, ಅದೇ ಸೊಲ್ಲಿನಲ್ಲಿ, ಮಾದಪ್ಪನಿಗೆ ಮೊರೆಯಿಡಲು ಶುರುಮಾಡಿದ: ನಿನ್ನ ಎಪ್ಪತ್ತೇಳು ಮಲೆಯೊಳಗೆ ನಮ್ಮ ಅಣ್ಣಾವ್ರನ್ನ ಇಟ್ಟುಕೊಂಡು ಕೂತವ್ನೆ, ನಿನ್ನ ಕಾಡು, ನಿನ್ನ ಹುಲಿ, ನೀನು ನೋಡ್ತಾ ಕೂರಬಹುದಾ ಮಾಯ್ಕಾರ ಅಂತ. ಹಿಮ್ಮೇಳದವನಿಗೆ ಮೊದಲು ದಿಕ್ಕೇ ತೋಚಲಿಲ್ಲ. ಅವನ ಕಂಸಾಳೆ ಎರಡು ಏಟು ಮುಂದೆ ಓಡಿ, ತಡವರಿಸಿ, ಮತ್ತೆ ಬಂದು ಸೇರಿಕೊಂಡಿತು. ಹಿಂದಿನಿಂದ ಹೆಂಗಸರ “ಅಯ್ಯೋ ಶಿವನೇ” ಕೇಳಿಸಿತು.

ಗೌಡರು ಬೇಲಿಯ ಗೂಟ ಹಿಡಿದುಕೊಂಡರು. “ಅಣ್ಣಾವ್ರು ಕಾಡಲ್ಲಿದ್ದಾಗಿನ್ದು ಮೇಷ್ಟ್ರೇ! ನಮ್ ಹೈದನಿಗೆ ಕೆಲ್ಸ ಆದ್ರೆ ಕತೆ ಮಾಡಿಸ್ತೀನಿ ಅಂತ ಹರಕೆ ಹೊತ್ತಿದ್ದೆ.”

ಚೀಟಿ ಹೇಳದ್ದನ್ನು ಹಾಡೇ ಹೇಳಿತ್ತು. ವೀರಪ್ಪನ್ ರಾಜ್‌ಕುಮಾರರನ್ನು ಗಾಜನೂರಿನಿಂದ ಎತ್ತಿಕೊಂಡು ಹೋಗಿದ್ದು 2000ದ ಜುಲೈ 30ರ ರಾತ್ರಿ. ಬಿಟ್ಟಿದ್ದು ನವೆಂಬರ್ 15ಕ್ಕೆ. ಆ 108 ದಿನದೊಳಗಿನ ಒಂದು ರಾತ್ರಿ ಇದು. ಗೌರಿಹಬ್ಬದ ಹಿಂದೆಮುಂದೆ ಅಂತ ಗೌಡತಿ ಇನ್ನಷ್ಟು ಬಿಗಿ ಮಾಡಿದರು. ಅವರ ಎಮ್ಮೆ ಕರು ಹಾಕಿದ ಲೆಕ್ಕ ಅದು, ಅಪೀಲಿಲ್ಲ.

ಇನ್ನು ‘ಬೀಗರ ಮನೆ’ ಅಂತ ಬರೆದಿದ್ದ ಕ್ಯಾಸೆಟ್ಟು. ಅದರಲ್ಲೂ ಅದೇ ಹಾಡುಗಾರ, ಅದೇ ಸಂಕಮ್ಮ. ಆದರೆ ಅಣ್ಣಾವ್ರ ಸುದ್ದಿಯೇ ಇಲ್ಲ. ನೀಲೇಗೌಡ ಕಾಡಿಗೆ ಹೋಗುವುದು ಎರಡೇ ಮಾತಿನಲ್ಲಿ ಮುಗಿದುಹೋಗುತ್ತದೆ. ಅದರ ಬದಲು ಗುಡಿಸಲೊಳಗೆ ಸಿಕ್ಕಿಬಿದ್ದ ಸಂಕಮ್ಮನ ಮಾತು ಬೆಳೆಯುತ್ತ ಬೆಳೆಯುತ್ತ ಒಂದು ಮಗ್ಗುಲು ತುಂಬ, 45 ನಿಮಿಷ, ಅದೇ ಆಯಿತು. ಬೀಗರ ಮನೆಯಲ್ಲಿ ಅವತ್ತು ಹೆಂಗಸರೇ ಹೆಚ್ಚಿದ್ದರಂತೆ.

ಹುಡುಗ ಈಗ ನಗುತ್ತಿರಲಿಲ್ಲ. “ಎರಡರಲ್ಲಿ ಯಾವುದು ಸರಿ ತಾತ?” ಅಂದ. ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ ಅಂತ ನನಗನ್ನಿಸುತ್ತದೆ. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಲೆ ಮಾದೇಶ್ವರವನ್ನು ಕೆ. ಕೇಶವನ್ ಪ್ರಸಾದ್ ಬರೆದು ಸಂಪಾದಿಸಿ, ಹಂಪಿ ಕನ್ನಡ ವಿಶ್ವವಿದ್ಯಾಲಯ ದಪ್ಪ ಗ್ರಂಥವಾಗಿ ತಂದಿದೆ. ಅದಕ್ಕೂ ಮೊದಲು ಪಿ.ಕೆ. ರಾಜಶೇಖರ ಅವರ ಸಂಗ್ರಹ ಬಂದಿತ್ತು. ಅವರೆಲ್ಲ ಪುಣ್ಯಾತ್ಮರು, ಅವರಿಲ್ಲದಿದ್ದರೆ ನಮ್ಮ ಪಾಠಪುಸ್ತಕಕ್ಕೆ ಮಾದಪ್ಪ ಬರುತ್ತಲೇ ಇರಲಿಲ್ಲ. ಆದರೆ ಪುಸ್ತಕ ಆದದ್ದೇ ತಡ, ನಮ್ಮಂಥ ಮೇಷ್ಟ್ರುಗಳು ಅದನ್ನೇ ಮೂಲ ಅಂತ ಹಿಡಿದುಕೊಂಡು, ಹಾಡುಗಾರ ಬೇರೆ ಹಾಡಿದರೆ ‘ಮರೆತ’ ಅನ್ನುವವರೆಗೆ ಹೋಗುತ್ತೇವೆ. ಕ್ಯಾಸೆಟ್ ಕಂಪನಿಗಳದ್ದು ಇನ್ನೊಂದು ಕಥೆ. ಇಡೀ ರಾತ್ರಿಯ ಸಾಲನ್ನು ಒಂದು ಗಂಟೆಗೆ ಹಿಂಡಿ, ಕೀಬೋರ್ಡ್ ಸೇರಿಸಿ, ಮಗುವಿನ ಅಳು ತೆಗೆದು ಶುದ್ಧ ಮಾಡಿ ಕೊಟ್ಟರು. ಕೇಳಲು ಇಂಪು ನಿಜ. ನನ್ನನ್ನು ಕೇಳಿದರೆ, ಅಂಥ ಇಂಪಾದ ಹತ್ತು ಕ್ಯಾಸೆಟ್ಟಿಗಿಂತ ಗೊರಗೊರ ಅನ್ನುವ ಎರಡು ರಾತ್ರಿಗಳ ಎರಡು ಕ್ಯಾಸೆಟ್ಟೇ ಮೇಲು. ಹಾಡುಗಾರನ ತಲೆ ಹೇಗೆ ಓಡುತ್ತದೆ ಅಂತ ಗೊತ್ತಾಗುವುದು ಎರಡನ್ನು ಪಕ್ಕಪಕ್ಕ ಇಟ್ಟಾಗಲೇ. ಕಾಸರಗೋಡು, ಪುತ್ತೂರಿನ ಕಡೆಯವರು ಇದನ್ನು ಎಂದೋ ಕಂಡುಕೊಂಡಿದ್ದಾರೆ. ತಾಳಮದ್ದಳೆಯಲ್ಲಿ ಮಾತೆಲ್ಲ ಆ ಕ್ಷಣದ್ದು. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತರೆ, ಎದುರಿನ ರಾಮ ಯಾರು ಅನ್ನುವುದರ ಮೇಲೆ ವಾಲಿಯ ವಾದವೇ ಬದಲು. ಶೇಣಿಯವರು 2006ರಲ್ಲಿ ಹೋದರು. ಕ್ಯಾಸೆಟ್ಟುಗಳು ಮನೆಯಿಂದ ಮನೆಗೆ ಇನ್ನೂ ಓಡಾಡುತ್ತಿವೆ.

“ನಿಮ್ ಅಮೆರಿಕದೋರ್ಗೂ ನಮ್ಗೂ ಏನಾರ ನೆಂಟಸ್ತಿಕೆ ಅದಾ?” ಅಂತ ಗೌಡರು ಮೊಮ್ಮಗನನ್ನು ಕೆಣಕಿದರು. ಇದೆಯಂತೆ! ಆ ತಂಡದ ಡ್ರಮ್ಮಿನ ಮಿಕ್ಕಿ ಹಾರ್ಟ್ ಅಲ್ಲಾ ರಖಾ ಅವರ ಹತ್ತಿರ ತಾಳದ ಲೆಕ್ಕ ಕಲಿತವನು. ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಅವರ ಜೊತೆ ‘ಪ್ಲಾನೆಟ್ ಡ್ರಮ್’ ಮಾಡಿ ಗ್ರ್ಯಾಮಿ ಪಡೆದವನು. ಜಾಕಿರ್ ಹೆಸರು ಬಂದಿದ್ದೇ ಗೌಡರ ಮುಖ ಅರಳಿತು. “ಟೀ ಪುಡಿ ಅಡ್ವಟೈಜ್‌ಮೆಂಟಿನ ಗುಂಗುರುಕೂದಲ್ನೋರಲ್ವಾ? ಅವ್ರಾದ್ರೆ ನಮ್ಮೋರೇ ಬುಡಿ.”

ಮುಂದಿನ ಕೆಲಸ ಹುಡುಗನ ತಲೆಗೆ ಕಟ್ಟಿದೆವು. ಟೇಪಿನ ಕಂದು ಪುಡಿ ಉದುರಲು ಶುರುವಾಗಿದೆ, ನಮ್ಮ ಮಳೆಗಾಲದ ಬೂಷ್ಟು ಬೇರೆ. ಅದಷ್ಟನ್ನೂ ಕಂಪ್ಯೂಟರಿಗೆ ಇಳಿಸಬೇಕು. ಮಗುವಿನ ಅಳು, ನಾಯಿ ಬೊಗಳುವುದು, ಎಲೆಅಡಿಕೆ ಹಾಕಿಕೊಳ್ಳಲು ನಿಂತದ್ದು, ಏನನ್ನೂ ಕತ್ತರಿಸಕೂಡದು. ಒಂದು ಪ್ರತಿ ನಮ್ಮೂರಿನ ಜನಧ್ವನಿ ಬಾನುಲಿಗೆ ಕೊಟ್ಟರೆ ಹೇಗೆ ಅಂದೆ. ಗೌಡರಿಗೆ ಆ ಯೋಚನೆ ಹಿಡಿಸಿತು. ಹಾಡುಗಾರನ ಮನೆಯವರನ್ನು ಹುಡುಕಿ, ಮೊದಲ ಪ್ರತಿ ಅವರಿಗೆ ಮುಟ್ಟಿಸಿ, ಅವರು ಹೂಂ ಅಂದ ಮೇಲೆ ಎಂದರು. ನನಗೆ ಹೊಳೆಯದ ಮಾತು ಅದು.

ಅಷ್ಟರಲ್ಲಿ ಮಾದಪ್ಪ 3 ತಿರುಗುತ್ತಿತ್ತು. ಸರಗೂರಯ್ಯನ ಸಾಲು. ಈ ಸಾಲಿನ ವಿಚಾರಕ್ಕೆ ನನಗೂ ಗೌಡರಿಗೂ ಹಳೆಯ ವ್ಯಾಜ್ಯ. ಮಾದಪ್ಪನ ಕಥೆಯ ಸರಗೂರು ಕೊಳ್ಳೇಗಾಲದ ಕಡೆಯದು, ಕಾವೇರಿ ದಡದ್ದು, ನಮ್ಮದಲ್ಲ ಅಂತ ನಾನು. ಸರಗೂರು ಅಂದರೆ ನಮ್ಮದೇ, ಇಲ್ಲದಿದ್ದರೆ 2018ರಲ್ಲಿ ತಾಲ್ಲೂಕು ಯಾಕೆ ಮಾಡುತ್ತಿದ್ದರು ಅಂತ ಗೌಡರು. ಟೇಪಿನಲ್ಲಿ ಹಾಡುಗಾರ ಸರಗೂರಯ್ಯನ ಊರನ್ನು ಬಣ್ಣಿಸಲು ತೊಡಗಿದ. ಹೊಳೆ ಬಂತು. ಕಪಿಲೆ! ಚಿಕ್ಕದೇವಮ್ಮನ ಬೆಟ್ಟ ಬಂತು. ಸಂತೆಮಾಳ ಬಂತು. ಗೌಡರ ತಂದೆಯ ಹೆಸರೂ ಬಂದು ಸೇರಿಕೊಂಡಿತು.

ಗೌಡರು ಬೇಲಿಯಾಚೆ ಎದೆಯುಬ್ಬಿಸಿ ನಿಂತರು. “ಕೇಳುದ್ರಾ ಮೇಷ್ಟ್ರೇ? ರೆಕಾಡ್ ಆಗದೆ! ಇನ್ನೇನ್ ಬೇಕು?”

ಗೌಡತಿ ಅವರೆ ಸಿಪ್ಪೆಯನ್ನು ಎಮ್ಮೆಯ ಕಡೆ ಎಸೆದು ಎದ್ದರು. “ರಾಗಿಮುದ್ದೆ, ಅವರೆಕಾಳ್ ಉಪ್ಸಾರು, ಮ್ಯಾಲೆ ಪಾಯ್ಸ. ಅಷ್ಟ್ ಉಂಡ್ ಮ್ಯಾಲೆ ನಿಮ್ಮೂರ್ ಹೆಸ್ರ ಹೇಳ್ದೆ ಕೊಳ್ಳೇಗಾಲ್ದೋರ ಹೆಸ್ರ ಹೇಳಾನಾ ಅಂವ?”