ಅಳಿಲಿಗೆ ಮರಣದಂಡನೆ ವಿಧಿಸಿದ ಯಜಮಾನರಿಗೆ

ಗುಡವಿ ಸೀಮೆಯ ಮಾನ್ಯ ತೋಟದ ಯಜಮಾನರೇ,

ದೂರುದಾರ, ತನಿಖಾಧಿಕಾರಿ, ನ್ಯಾಯಾಧೀಶ, ಕೊನೆಗೆ ನೇಣು ಬಿಗಿಯುವವ, ಎಲ್ಲವೂ ತಾವೊಬ್ಬರೇ ಆಗಿರುವ ನ್ಯಾಯಾಲಯಕ್ಕೆ ಮೊದಲು ನಮಸ್ಕಾರ. ಕೊಕ್ಕೋ ಕಾಯಿ ತೂತಾದರೆ ಅಳಿಲು, ಅಟ್ಟದ ಭತ್ತದ ಚೀಲ ಹರಿದರೆ ಅಳಿಲು, ನಡುರಾತ್ರಿ ಹೆಂಚಿನಡಿ ಸದ್ದಾದರೂ ಅಳಿಲು. ವಾಯಿದೆಯೇ ಇಲ್ಲದೆ ಮೊಕದ್ದಮೆ ಮುಗಿಸುವ ತಮ್ಮ ದಕ್ಷತೆ ದೊಡ್ಡದು. ಸಾಕ್ಷ್ಯ ಮಾತ್ರ ತಮ್ಮ ಜೊತೆಗಿಲ್ಲ. ಬೆನ್ನ ಮೇಲೆ ಮೂರು ಬಿಳಿ ಗೆರೆಯ ನಮ್ಮ ಅಳಿಲು ಹಗಲಿನ ಪ್ರಾಣಿ. ಇರುಳಿನ ಓಡಾಟ ಬಹುಪಾಲು ಇಲಿಯದು. ಕೊಕ್ಕೋ ಕಾಯಿಯ ಮೇಲೂ ಇಬ್ಬರ ಗುರುತು ಬೇರೆ: ಇಲಿ ಸಾಮಾನ್ಯವಾಗಿ ತೊಟ್ಟಿನ ಬಳಿ ಕೊರೆಯುತ್ತದೆ, ಅಳಿಲು ಕಾಯಿಯ ನಡುಭಾಗದಲ್ಲಿ. ಇನ್ನು ಮೊಬೈಲಿನಲ್ಲಿ ನೋಡಿ ಬಿಲ ಮುಚ್ಚಲು ಹೊರಟವರ ಶ್ರಮ ಮೆಚ್ಚಬೇಕಾದ್ದೇ. ಅಲ್ಲಿ ತೋರಿಸುವುದು ಅಮೆರಿಕದ ಚಿಪ್‌ಮಂಕ್. ಅದಕ್ಕೆ ಮುಖದ ಮೇಲೂ ಗೆರೆ, ವಾಸ ನೆಲದೊಳಗೆ. ನಮ್ಮದು ಗೂಡು ಕಟ್ಟುವುದು ಮರದಲ್ಲಿ, ಇಲ್ಲವೇ ತಮ್ಮ ಸೂರಿನ ಸಂದಿಯಲ್ಲಿ.

ಅಳಿಲು ಪೂರಾ ನಿರಪರಾಧಿಯೇನಲ್ಲ. ಕೊಕ್ಕೋ, ಪೇರಲ, ಚಿಕ್ಕು ಏನನ್ನೂ ಬಿಡುವುದಿಲ್ಲ. ಬೆಳೆದವನ ನಷ್ಟ ನಿಜ. ಆದರೆ ಹಣ್ಣಾದ ಕಾಯಿಯನ್ನು ವಾರಗಟ್ಟಲೆ ಗಿಡದಲ್ಲೇ ಬಿಟ್ಟವರು ಯಾರು? ಮಾವಿನ ಕೊಂಬೆ ಹೆಂಚಿಗೆ ತಾಗುವಂತೆ ಬೆಳೆಸಿ ಸೇತುವೆ ಕಟ್ಟಿಕೊಟ್ಟವರು ಯಾರು? ಬಣ್ಣ ತಿರುಗುತ್ತಲೇ ಕೊಯ್ಲು, ಹಣ್ಣಿಗೆ ಚೀಲ, ಮರಿಗಳು ಹೊರಬಿದ್ದ ಮೇಲೆ ಸಂದಿಗೆ ಗಟ್ಟಿ ತಂತಿಬಲೆ: ಮದ್ದು ಇಷ್ಟೇ. ಇದರಲ್ಲಿ ತಾವು ಮೈ ಬಗ್ಗಿಸಬೇಕಾಗುತ್ತದೆ ಎಂಬುದೊಂದೇ ತೊಡಕು.

ವಿಷ ಅಗ್ಗ, ಕೆಲಸವೂ ಸಲೀಸು ಎನ್ನುತ್ತೀರಿ. ಆದರೆ ಬ್ರೊಮಾಡಿಯೊಲೋನ್‌ನಂಥ ವಿಷ ತಿಂದ ಪ್ರಾಣಿ ಅಲ್ಲೇ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಓಡಾಡಿ ಗೂಬೆಗೋ ಹದ್ದಿಗೋ ಸುಲಭದ ತುತ್ತಾಗುತ್ತದೆ. ವಿಷ ಅವುಗಳ ಹೊಟ್ಟೆಗೂ ಇಳಿಯುತ್ತದೆ. ಸಂಬಳವಿಲ್ಲದೆ ತಮ್ಮ ಇಲಿ ಹಿಡಿಯುತ್ತಿದ್ದ ಕಾವಲುಗಾರರನ್ನೇ ಹೀಗೆ ಕೊಂದರೆ ಮುಂದಿನ ವರ್ಷ ಯಾರ ಮೇಲೆ ಮೊಕದ್ದಮೆ? ಗುಡವಿ ಪಕ್ಷಿಧಾಮ ಒಂದು ಚದರ ಕಿಲೋಮೀಟರಿಗೂ ಚಿಕ್ಕದು. ಮಳೆಗಾಲದಲ್ಲಿ ನೆಂಟರನ್ನು ಕರೆದೊಯ್ದು ಕೆಂಬರಲು ತೋರಿಸಿ ಹೆಮ್ಮೆಪಡುವ ತಾವು, ಬೇಟೆಹಕ್ಕಿಗಳು ಹೊಟ್ಟೆ ಹೊರೆಯುವುದು ಅದರ ಗಡಿಯಾಚೆಯ ಗದ್ದೆ ತೋಟಗಳಲ್ಲೂ ಎಂಬುದನ್ನು ಮರೆಯಬಾರದು. ಇನ್ನು ಕಾನೂನಿನ ಮಾತು: 1972ರ ವನ್ಯಜೀವಿ ಕಾಯ್ದೆಯ ಹಳೆಯ ಉಪದ್ರವಿ ಪಟ್ಟಿಯಲ್ಲಿ ಕಾಗೆ, ಬಾವಲಿ, ಇಲಿ ಇದ್ದವು. ಅಳಿಲು ಅಲ್ಲಿಯೂ ಇರಲಿಲ್ಲ.

ರೋಗದ ಭಯ ಎನ್ನುವವರ ಮಾತಿಗೆ ತೂಕವಿದೆ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ಗುಡವಿ ಇರುವ ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆದರೆ ಅದು ಮನುಷ್ಯರಿಗೆ ಅಂಟುವುದು ಮುಖ್ಯವಾಗಿ ಉಣುಗು ಕಚ್ಚಿ. ಆಸರೆಯ ಪ್ರಾಣಿ ಸತ್ತರೆ ಉಣುಗು ಮೈಬಿಟ್ಟು ಬೇರೆ ಆಸರೆ ಹುಡುಕುತ್ತದೆ. ರೋಗಕ್ಕೆ ಹೆದರಿ ಅಳಿಲು ಕೊಂದು, ಬಾಲ ಹಿಡಿದು ಹಿತ್ತಲಿಗೆ ಎಸೆಯುವವರು ಭಯವನ್ನು ಕೈಯಾರೆ ಮನೆಗೆ ಕರೆದಂತೆ.

ಆದ್ದರಿಂದ ಮೇಲ್ಮನವಿ ಇಷ್ಟು: ಕಾಯಿಯ ತೂತು ಎಲ್ಲಿದೆ ನೋಡಿ, ಸದ್ದು ಹಗಲಿನದೋ ಇರುಳಿನದೋ ಕೇಳಿ, ಹೆಂಚಿಗೆ ತಾಗಿದ ಕೊಂಬೆ ಕಡಿಯಿರಿ, ಮಾಗಿದ್ದನ್ನು ಕೊಯ್ಯಿರಿ. ಅಲ್ಲಿಯವರೆಗೆ ವಿಷದ ಬಿಲ್ಲೆ ಅಂಗಡಿಯಲ್ಲೇ ಇರಲಿ.