ಮುದ್ದೆ ಪಾತ್ರೆಯೂ ಭಾವನ ಹೆಡ್‌ಲೈಟೂ

ನಮ್ಮ ಭಾವ ಕೆ.ಆರ್.ಪೇಟೆಯವರು. ಒಂದು ಸಂಜೆ ಮಳೆ ಬಿಟ್ಟ ಮೇಲೆ ಹೊರಟು, ಚಿನಕುರಳಿ, ಪಾಂಡವಪುರ ದಾಟಿ, ಶ್ರೀರಂಗಪಟ್ಟಣದ ನಮ್ಮ ಮನೆ ಮುಂದೆ ಕಾರು ನಿಲ್ಲಿಸಿದರು. ಹೆಡ್‌ಲೈಟ್ ಉರಿಯುತ್ತಿದೆಯೋ ಇಲ್ಲವೋ ಗೊತ್ತೇ ಆಗಲಿಲ್ಲ. ದಾರಿಯುದ್ದಕ್ಕೂ ಕಬ್ಬು, ಗದ್ದೆ, ನಾಲೆ. ಅಲ್ಲಿಯ ಹುಳುಗಳೆಲ್ಲ ಭಾವನ ಕಾರನ್ನೇ ಮದುವೆ ಛತ್ರ ಅಂದುಕೊಂಡಿದ್ದವು. ಈಸುಳ್ಳೆ ರೆಕ್ಕೆ, ಯಾವುದೋ ದುಂಬಿಯ ಒಂಟಿ ಕಾಲು, ನಡುವೆ ಹಳದಿ ಲೋಳೆ.

ಊರೊಳಕ್ಕೆ ಬರಲು ಕಾವೇರಿ ಸೇತುವೆ ದಾಟಬೇಕಲ್ಲ, ಅಲ್ಲಿ ಕಾದಿರುವುದು ಮೇಫ್ಲೈ. ನೀರಲ್ಲಿ ತಿಂಗಳುಗಟ್ಟಲೆ ಮರಿಯಾಗಿದ್ದು, ರೆಕ್ಕೆ ಬಂದ ಮೇಲೆ ಒಂದೆರಡು ದಿನವೂ ಬಾಳದ ಜೀವ. ಉಣ್ಣಲು ಬಾಯಿಯೂ ಇಲ್ಲ, ದೀಪದ ಹುಚ್ಚು ಮಾತ್ರ ಇದೆ. ಸೇತುವೆ ಮೇಲೆ ಅವು ರಾಶಿ ಬಿದ್ದ ರಾತ್ರಿ ಬೈಕಿನವರು ಜಾರಿ ಬಿದ್ದದ್ದುಂಟು.

ರಾತ್ರಿಯೇ ಒಂದು ಚೊಂಬು ನೀರು ಹುಯ್ದಿದ್ದರೆ ಮುಗಿಯುತ್ತಿತ್ತು. ಭಾವ ಉಂಡು ಮಲಗಿದರು. ಮರುದಿನ ಹನ್ನೊಂದರವರೆಗೆ ಕಾರು ಬಿಸಿಲು ಕಾಯಿಸಿತು. ಹುಳದ ಲೋಳೆಯಲ್ಲಿರುವುದು ಪ್ರೋಟೀನು. ಬಾಣಲೆಗೆ ಹಿಡಿದ ಮೊಟ್ಟೆಯ ಹಾಗೆ ಬಿಸಿಗೆ ಕಚ್ಚಿಕೊಳ್ಳುತ್ತದೆ.

ಆಮೇಲೆ ಸಲಹೆಗಳು! ಪಾಂಡವಪುರದ ಗೆಳೆಯ ಫೋನಲ್ಲಿ ಟೂತ್‌ಪೇಸ್ಟ್ ಅಂದ. ನಾಗಮಂಗಲದ ಚಿಕ್ಕಪ್ಪ, 'ನಮ್ ಕಡೆ ನೀರೇ ಇಲ್ಲ, ಹುಳ ಎಲ್ಲಿಂದ ಬರ್ಬೇಕು?' ಅಂತ ಕುಟುಕಿ, 'ಪೆಟ್ರೋಲಲ್ಲಿ ಒರೆಸಪ್ಪ' ಅಂದರು. ಭಾವ ಇಬ್ಬರನ್ನೂ ನಂಬಲಿಲ್ಲ. ಪಂಚೆ ಎತ್ತಿ ಕಟ್ಟಿ, ಒಲೆ ಬೂದಿ, ತೆಂಗಿನ ನಾರು ಹಿಡಿದು ಎಡಗಡೆಯ ಲೈಟನ್ನು ಹಿತ್ತಾಳೆ ಹಂಡೆ ಅಂದುಕೊಂಡು ಉಜ್ಜಿಯೇ ಉಜ್ಜಿದರು.

ಒಳಗಿನಿಂದ ಅಕ್ಕ ಬಂದಳು. 'ರೀ, ಮುದ್ದೆ ಪಾತ್ರೆ ಹೆಂಗ್ ತೊಳೀತೀನಿ ಅಂತ ಒಂದ್ ದಿನಾನಾದ್ರೂ ನೋಡಿದ್ದೀರಾ? ನೀರು ಹುಯ್ದು ಬಿಟ್ರೆ ತಾನೇ ಬಿಟ್ಕೊಳ್ಳುತ್ತೆ.'

ಮಂಡ್ಯ ಜಿಲ್ಲೆಯ ಗಂಡಸರು ಕಾರು ಕೆಡಿಸುವುದು ಇಲ್ಲೇ ಇರಬೇಕು, ಪಾತ್ರೆ ತೊಳೆದ ಅನುಭವ ಸಾಲದು. ಈಗಿನ ಹೆಡ್‌ಲೈಟ್ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಬಿಸಿಲು ತಡೆಯಲು ಮೇಲೊಂದು ತೆಳ್ಳನೆ ಲೇಪ. ಬೂದಿ, ನಾರು, ಟೂತ್‌ಪೇಸ್ಟ್ ಎಲ್ಲ ಆ ಲೇಪವನ್ನೇ ಸವೆಸುತ್ತವೆ. ಲೇಪ ಹೋದರೆ ಪ್ಲಾಸ್ಟಿಕ್ ಹಳದಿಗಟ್ಟಿ ಮಂಕಾಗುತ್ತದೆ. ಪೆಟ್ರೋಲು, ಥಿನ್ನರ್ ಸೋಕಿದರೆ ಕೂದಲೆಳೆಯಂಥ ಬಿರುಕು.

ಬಲಗಡೆಯದನ್ನು ಅಕ್ಕನೇ ತೊಳೆದಳು. ಕಾರನ್ನು ನೆರಳಿಗೆ ತರಿಸಿ, ಲೈಟು ತಣ್ಣಗಾದ ಮೇಲೆ ನೀರು ಹುಯ್ದು ಮಣ್ಣು ಇಳಿಸಿದಳು. ಹಳೆ ಬನಿಯನ್ ನೆನೆಸಿ ಲೈಟಿಗೆ ಹೊದಿಸಿ, ಒಳಗೆ ಹೋಗಿ ಕಾಫಿ ಕುಡಿದು ಬಂದಳು. ಕಾಲು ಗಂಟೆ. ಆಮೇಲೆ ಕಾರಿನ ಶಾಂಪೂ ನೀರಲ್ಲಿ ಮೆತ್ತನೆ ಬಟ್ಟೆ ಅದ್ದಿ ಹಗುರಾಗಿ ಸವರಿದಳು, ಅಷ್ಟೆ. ಎರಡು ಕಡೆ ಬಿಡಲಿಲ್ಲ. ಭಾವ ಉಗುರು ಚಾಚಿದರು. ಅಕ್ಕ ಕೈಮೇಲೆ ಒಂದು ಕೊಟ್ಟು, ಮತ್ತೆ ಬನಿಯನ್ ಹೊದಿಸಿದಳು. ಎರಡನೇ ಸಲಕ್ಕೆ ಅದೂ ಬಿಟ್ಟಿತು.

ಕಾರಿನ ಬಲಗಣ್ಣು ಇವತ್ತಿಗೂ ಫಳಫಳ. ಎಡಗಣ್ಣಿಗೆ ಪೊರೆ. ನಮ್ಮ ಮನೆಗೆ ಬಂದಾಗೆಲ್ಲ ಮುದ್ದೆ ಪಾತ್ರೆಗೆ ನೀರು ಹುಯ್ಯುವ ಕೆಲಸ ಈಗ ಭಾವನದೇ.